ಹಿಡಿಕಿ ಕಪ್ಪಾಗೇತಿ ಅಂತ ಬರದಿದ್ದಿ

ಅಥಣಿ

ಚಿ. ಮಗಳಿಗೆ ನಿನ್ನ ಕಾಕಾನ ಆಶೀರ್ವಾದ.

ಮನಿ ಸುದ್ದಿ ನಿಮ್ಮವ್ವ ಫೋನಿನಾಗ ಹೇಳೇ ಇರತಾಳ, ಅದನ್ನ ಬಿಡತೀನಿ. ನಿನ್ನ ಪತ್ರದಾಗಿನ ಒಂದು ಸಾಲು ನನ್ನ ಎರಡು ದಿನ ಕೆಲಸಕ್ಕ ಕೂಡಗೊಡಲಿಲ್ಲ. "ಅಪ್ಪನ ಚೀಲದ ಹಿಡಿಕಿ ನನ್ನ ಕೈಯಾಗ ಕಪ್ಪಾಗಾಕ ಹತ್ತೇತಿ ಕಾಕಾ, ಅವರ ಕೈ ಗುರುತು ನಾನ ಅಳಸಾಕ ಹತ್ತೀನೇನೊ" ಅಂತ ಬರದೀಯಲ್ಲ, ಅದು.

ಆ ಬಣ್ಣ ಮ್ಯಾಲೆ ಬಳದದ್ದಲ್ಲವ್ವಾ. ನಿಮ್ಮಪ್ಪ ಆ ಚೀಲ ಹೊಲಿಯಾಕ ತಗೊಂಡಿದ್ದು ಜಾಲಿ ತೊಗಟಿ, ಅಳಲೆಕಾಯಿ ನೀರಿನಾಗ ಹದ ಆದ ತೊಗಲು. ಆ ಎರಡರ ಒಗರು ತೊಗಲಿನ ಎಳಿ ಎಳಿಗೂ ಹಿಡಕೊಂಡು ಕೂತಿರತೈತಿ. ಬೆಳಕು, ಗಾಳಿ ತಾಗಿದಂಗ ಅದು ಬಣ್ಣ ತಿರಗತೈತಿ, ಬದನಿಕಾಯಿ ಹೆಚ್ಚಿಟ್ರ ಕಪ್ಪಾಗೂ ಹಂಗ. ಜಾಲಿ ಒಗರು ಕೆಂಪಿಗೆ ಎಳೀತೈತಿ. ಅಳಲೆದು ಹಳದಿ ಬಿಟ್ಟು ಲಗೂನ ಕದಲೂದಿಲ್ಲ. ಚೀಲದ ಮುಚ್ಚಳ ಎತ್ತಿ ನೋಡು, ಬೆಳಕು ಕಾಣದ ಜಾಗ ಇನ್ನೂ ಗೋಧಿ ಬಣ್ಣ ಇರತೈತಿ, ಹೊರಗಿನ ಮೈ ಬೆಲ್ಲದ ಬಣ್ಣ. ಅದನ್ನ ಯಾರೂ ಮಾಡಿದ್ದಲ್ಲ, ವರ್ಷ ಮಾಡಿದ್ದು. ನೀ ಅದಕ್ಕ ಪಟಿನಾ ಅಂತ ಬರದಿ. ನಾವು ತೊಗಲಿಗೆ ಕಳಾ ಬಂತು ಅಂತೀವಿ.

ಹಿಡಿಕಿದು ಅದಕ್ಕಿಂತ ಬ್ಯಾರೆ. ಅಲ್ಲಿ ಕೈಯಾನ ಜಿಡ್ಡು ಎಳಿಯೊಳಗ ಇಳೀತೈತಿ, ತಿಕ್ಕಾಟಕ್ಕ ಮೇಲ್ಮೈ ಒತ್ತಿ ನುಣ್ಣಗ ಆಗತೈತಿ, ಅದರಿಂದ ಹೊಳಪು. ನಿಮ್ಮಪ್ಪನದು ಇಳದು ಒಳಗ ಸೇರೇತಿ. ನಿನ್ನ ಕೈದು ಅದರ ಬಾಜೂಕ, ಅದರ ಮ್ಯಾಲೆ ಸೇರತೈತಿ. ಒಂದು ಬಂದು ಇನ್ನೊಂದನ್ನ ಹೊರಗ ಹಾಕೂದಿಲ್ಲ.

ನಿನಗ ಸುಳ್ಳು ಸಮಾಧಾನ ಹೇಳಾಕ ಮನಸಿಲ್ಲ. ಅವನ ನಾಲ್ಕು ಬೆರಳಿನ ತಗ್ಗಿನ ಸುತ್ತ ಈಗ ತಿಳಿ ಇದ್ದದ್ದು ನಿನ್ನ ಕೈಲೆ ಕಪ್ಪಾದ್ರ, ತಗ್ಗು ಯಾವುದು ಸುತ್ತಲಿಂದು ಯಾವುದು ಅಂತ ಕಣ್ಣಿಗೆ ಕಾಣೂದು ಕಡಿಮಿ ಆಗತೈತಿ. ಆದ್ರ ತಗ್ಗು ಹೋಗೂದಿಲ್ಲ. ದೀಪ ಆರಿಸಿ ಹಿಡದು ನೋಡು.

ಅಳಸೂದು ಅಂದ್ರ ಏನಂತ ನನಗ ಗೊತ್ತೈತಿ. ನಿಮ್ಮಜ್ಜನ ತೊಗಲು ಕೊಯ್ಯೂ ರಂಪಿಗಿ, ತೂತು ಚುಚ್ಚೂ ಆರಿ ಇಡೂ ತೊಗಲಚೀಲ ಅವ ಹೋದಮ್ಯಾಲೆ ನನ್ನ ಪಾಲಿಗೆ ಬಂತು. ಜಿಡ್ಡಾಗೇತಿ ಅಂತ ಸೋಡಾ ಹಾಕಿದ ಬಿಸಿನೀರಾಗ ಅದ್ದಿ, ಸಾಬೂನು ಹಚ್ಚಿ ಬ್ರಶ್ಶಿಲೆ ತಿಕ್ಕಿದೆ. ನೀರು ಕರೇ ಚಹಾ ಆತು. ಹೊಲಸು ಹೊಂಟೈತಿ ಅಂದಕೊಂಡೆ, ಹೊಂಟದ್ದು ಒಗರು. ಇಂಥ ಹದದ ತೊಗಲು ಹುಳಿ ಗುಣದ್ದು, ಸೋಡಾ ಸಾಬೂನು ಅದಕ್ಕ ತದ್ವಿರುದ್ಧ, ಒಗರೂ ಎಣ್ಣೀನೂ ಕೂಡೇ ಎಳಕೊಂಡು ಹೋಗತಾವ. ಆಮ್ಯಾಲೆ ಉರಿ ಬಿಸಿಲಿಗೆ ಹಾಕಿದೆ. ಎರಡು ತಿಂಗಳಿಗೆ ಹಪ್ಪಳ ಆತು, ಮಡಚಿದಲ್ಲೆ ಸೀಳತು. ಅಪ್ಪ ನಲವತ್ತು ವರ್ಷ ಹಿಡದದ್ದು ನಾ ಒಂದು ಮಧ್ಯಾಹ್ನ ತೊಳದೆ.

ಅದಕ್ಕ ಹೇಳತೀನಿ, ಕಪ್ಪಾತು ಅಂತ ಹೆದರಿ ತೊಳೀಬ್ಯಾಡ. ಮರಳ ಕಾಗದ ತಿಕ್ಕಬ್ಯಾಡ. ಬೂಟಿನ ಪಾಲಿಶ್ ಬ್ಯಾಡ, ಅದರ ಬಣ್ಣ ಎಲ್ಲಾ ಕಡೆ ಒಂದ ಸಮ ಮಾಡಿಬಿಡತೈತಿ, ಆಮ್ಯಾಲೆ ನಿಜವಾಗಿಯೂ ಏನೂ ಕಾಣೂದಿಲ್ಲ.

ಮೊದಲು ಆ ಕಪ್ಪು ಎಂಥಾದ್ದು ನೋಡು. ಬಿಳಿ ಹತ್ತಿ ಬಟ್ಟಿ ಒಣದು ತಗೊಂಡು ಹಿಡಿಕಿ ಮ್ಯಾಲೆ ಹತ್ತು ಸಲ ಎಳಿ. ಬಟ್ಟಿ ಹಂಗ ಇದ್ರ ಅದು ಕಳಾ, ಮುಟ್ಟಬ್ಯಾಡ. ಅಂಟಂಟು ಕಂದು ಹತ್ತಿದ್ರ ಬೆವರಿನ ಉಪ್ಪು, ಧೂಳು ಕೂಡಿ ಕೂತೈತಿ. ಬಟ್ಟಿ ನೀರಾಗ ಅದ್ದಿ, ಹನಿ ಬೀಳದಂಗ ಹಿಂಡಿ, ಹಿಡಿಕಿ ಈ ತುದಿಯಿಂದ ಆ ತುದಿತನಕ ಒಂದ ಸಲ ಒರಸು. ಕಲಿ ಇದ್ದಲ್ಲಿ ಅಷ್ಟ ಒರಸಿದ್ರ ನೀರು ಒಗರನ್ನ ದೂಡಿಕೊಂಡು ಹೋಗಿ ಅಂಚಿಗೆ ಬಿಡತೈತಿ, ಅಲ್ಲಿ ಕಪ್ಪು ಗೆರಿ ನಿಲ್ಲತೈತಿ. ಮಳಿ ಹನಿ ಬಿದ್ದ ಕಲಿಗೂ ಇದ ಉಪಾಯ: ಹೊಲಿಗಿಯಿಂದ ಹೊಲಿಗಿತನಕ ಇಡೀ ಭಾಗ ಸಮ ತೇವ ಮಾಡಿ, ನೆರಳಾಗ ಒಣಗಿಸೂದು. ಕೂದಲ ಒಣಗಿಸೂ ಯಂತ್ರ, ಒಲಿ ಹತ್ರ ಒಯ್ಯಬ್ಯಾಡ. ಹಸಿ ಇದ್ದಾಗ ಇಂಥ ತೊಗಲು 75-80 ಡಿಗ್ರಿಗೆ ಮುರುಟತೈತಿ, ಹಳೇದಾದ್ರ ಅದಕ್ಕಿಂತ ಮೊದಲ.

ಬಟ್ಟಿಗೆ ಕೆಂಪು ಪುಡಿ ಹತ್ತಿದ್ರ ಮಾತ್ರ ನಿಲ್ಲಿಸಿಬಿಡು. ಎಣ್ಣಿ ಬ್ಯಾಡ, ನೀರು ಬ್ಯಾಡ. ಒಳಗ ಹುಳಿ ಹೆಚ್ಚಾಗಿ ಎಳಿ ಸವದ್ರ ಹಂಗ ಪುಡಿ ಉದರತೈತಿ, ಅದು ತಿರಗಿ ಕೂಡೂದಿಲ್ಲ. ಹತ್ತಿ ಬಟ್ಟಿಯಾಗ ಸುತ್ತಿ ಇಟ್ಟು ನನಗ ಫೋನ್ ಮಾಡು. ನಿಮ್ಮಪ್ಪನ ಚೀಲಕ್ಕ ಹಂಗ ಆಗಿರಾಕಿಲ್ಲ ಅಂತ ನನ್ನ ನಂಬಿಕಿ, ಅವ ಚಂದಾಗಿ ಹದ ಆದ ತೊಗಲು ಅಷ್ಟ ತಗೊತಿದ್ದ.

ಇನ್ನೊಂದು. ಕಪ್ಪು ಕಂದು ಕಡೆ ಐತೋ, ನೀಲಿ ಕಡೆ ಐತೋ? ನೀಲಿಗಪ್ಪು ಆಗಿದ್ರ ಅದು ಕೈದಲ್ಲ, ಕಬ್ಬಿಣದ್ದು. ಒಗರು, ಕಬ್ಬಿಣ, ತೇವ ಕೂಡಿದ್ರ ಶಾಯಿ ಆಗತೈತಿ. ಹಿಂದಕ ಅಳಲೆಕಾಯಿಲೆ ಶಾಯಿ ಮಾಡ್ತಿದ್ದದ್ದೂ ಹಿಂಗ. ನಿಮ್ಮಪ್ಪ ಹಾಕಿದ್ದು ಹಿತ್ತಾಳಿ ಬಳಿ. ನಡಕ ಯಾರರ ರಿಪೇರಿಗೆ ಅಂತ ಕಬ್ಬಿಣದ ಮೊಳಿ ಹೊಡದಾರೇನು ನೋಡು, ಇದ್ರ ತಗಸು. ಹಿತ್ತಾಳಿ ಸುತ್ತ ಹಸರು ಮೇಣ ಬಂದಿದ್ರ ಹೆದರಬ್ಯಾಡ, ತಾಮ್ರದ ಅಂಶ ತೊಗಲಿನ ಜಿಡ್ಡಿಗೆ ಕೂಡಿ ಆಗೂದು ಅದು. ಬೇವಿನ ಕಡ್ಡಿ ಚೂಪು ಮಾಡಿ ಕೆರದು, ಒಣ ಬಟ್ಟಿಲೆ ಒರಸಿದ್ರ ಸಾಕು.

ಎಣ್ಣಿ ಮಾತು ಬರದಿ. ನಿಮ್ಮವ್ವ ಕುಸುಬಿ ಎಣ್ಣಿ ಅಂದಾಳಂತ, ಆಕಿಗೆ ಬ್ಯಾಸರ ಆಗದಂಗ ಬ್ಯಾಡ ಅನ್ನು. ಕುಸುಬಿ, ಅಗಸಿ ಎರಡೂ ಗಾಳಿಗೆ ಒಣಗಿ ಅಂಟು ಪದರ ಆಗೂ ಎಣ್ಣಿ. ಬಾವಿ ನೀರು ಎತ್ತೂ ಕಪಲಿ ತೊಗಲಿಗೆ ಕುದಿಸಿ ಗಟ್ಟಿ ಮಾಡಿದ ಕುಸುಬಿ ಎಣ್ಣಿ ಹಾಕ್ತಿದ್ರು, ನೀರು ಹೊಗಬಾರದಂತ; ಕೈಯಾಗ ಹಿಡಿಯೂ ಚೀಲಕ್ಕ ಅದು ಬ್ಯಾಡ. ಕೊಬ್ಬರಿ ಎಣ್ಣಿ ಬೆಂಗಳೂರಿನ ಥಂಡಿಗೆ ಹೆಪ್ಪುಗಟ್ಟಿ ಬೆಳ್ಳಗ ಕಾಣತೈತಿ, ನೀ ಬೂಷ್ಟು ಅಂತ ಮತ್ತ ಹೆದರ್ತಿ. ಔಡಲ ಎಣ್ಣಿ ತಗೊ. ಇಡೀ ಚೀಲಕ್ಕ ಚಹಾ ಚಮಚದಾಗ ಅರ್ಧ, ಬಟ್ಟಿಗೆ ಹಚ್ಚಿ ಬಟ್ಟಿಲೆ ಸವರು, ಚೀಲದ ಮ್ಯಾಲೆ ಸುರಿಬ್ಯಾಡ. ಒಂದು ರಾತ್ರಿ ಬಿಟ್ಟು ಒರಸಿಬಿಡು. ವರ್ಷಕ್ಕ ಎರಡು ಸಲ ಸಾಕು, ಹೆಚ್ಚಾದ್ರ ತೊಗಲು ಜೋಲು ಬೀಳತೈತಿ. ಹಿಡಿಕಿಗೆ ಹಚ್ಚಬ್ಯಾಡ. ಅದಕ್ಕ ನಿನ್ನ ಕೈ ಐತಿ. ಅಲ್ಲಿ ಎಣ್ಣಿ ಹಾಕಿದ್ರ ನೀ ಹೆದರಿದ್ದ ಕಪ್ಪು ಒಂದ ದಿನದಾಗ ಬರತೈತಿ, ತಗ್ಗು ತುಂಬಿ ಮೆತ್ತಗಾಗತಾವ.

ಕಪಾಟಿನಾಗ ಇಟ್ಟುಬಿಡಲೇನು ಅಂತ ಕೇಳಿ. ಬ್ಯಾಡ ಅನಸತೈತಿ ನನಗ. ಪ್ಲಾಸ್ಟಿಕ್ ಚೀಲದಾಗ ಹಾಕಿ ಮುಚ್ಚಿಟ್ರ ಮಳಿಗಾಲಕ್ಕ ಬೂಷ್ಟು ಹಿಡಿಯೂದು ಖರೆ, ಬೂಷ್ಟು ಬಿಟ್ಟ ಕಲಿ ಯಾವ ಕೈಯೂ ತಗಿಯಾಕ ಆಗೂದಿಲ್ಲ. ಆದ್ರೂ ದಿನಾ ಲ್ಯಾಪ್‌ಟಾಪ್ ಹಾಕಿ ಎಳದಾಡೂದು ಬ್ಯಾಡ. ಅವ ಅದರಾಗ ಬರೇ ಕಾಗದಪತ್ರ ಒಯ್ತಿದ್ದ, ಹೊಲಿಗಿ ಅಷ್ಟಕ್ಕ ಲೆಕ್ಕ ಹಾಕಿ ಹಾಕಿದ್ದು. ಎರಡು ಕಿಲೋ ದಾಟಿದ್ರ ಹಿಡಿಕಿ ಬುಡದಾಗಿನ ವಾದಿ, ಅಂದ್ರ ಹೊಲಿಗಿ ಹಾಕಿದ ತೊಗಲಿನ ದಾರ, ತೂತು ಹಿಗ್ಗಸತೈತಿ. ವಾರಕ್ಕ ಎರಡು ದಿನ ಒಯ್ಯಿ. ಉಳದ ದಿನ ಒಳಗ ಹಳೇ ಹತ್ತಿ ಸೀರಿ ತುರುಕಿ, ಗಾಳಿ ಆಡೂ ಕಡೆ ಇಡು. ಪೇಪರ್ ತುರುಕಬ್ಯಾಡ, ಮಸಿ ಹತ್ತತೈತಿ. ಇಷ್ಟೆಲ್ಲಾ ಬರದು ನಿನ್ನ ಹೆದರಿಕಿ ಹೆಚ್ಚು ಮಾಡಿದೆನೇನೊ, ಆಗದಿದ್ದಷ್ಟು ಬಿಡು ಮಗಳ.

ಮತ್ತ ಅದ ಮಾತಿಗೆ ಬರತೀನಿ. ಚೀಲ ತಿರಗಿಸಿ ಹಿಡಿಕಿ ಅಡಿಭಾಗ ನೋಡು. ಹಿಡದಾಗ ಬೆರಳ ತುದಿ ತಾಗೂ ಕಡೆ ನಾಲ್ಕನೇ ತಗ್ಗು ಉಳದ ಮೂರಕ್ಕಿಂತ ಕಡಿಮಿ ಆಳ ಐತಿ. ಅವನ ಕಿರಿಬೆರಳಿಗೆ ಆರಿ ಚುಚ್ಚಿ ನರ ಹೋದಮ್ಯಾಲೆ ಅದು ಪೂರಾ ಮಡಚ್ತಿರಲಿಲ್ಲ. ನಿನ್ನ ಕಿರಿಬೆರಳು ಎಷ್ಟು ಒತ್ತಿದ್ರೂ ಆ ತಗ್ಗು ಆಳ ಆಗಾಕ ವರ್ಷಗಟ್ಟಲೆ ಬೇಕು.

ದೀಪಾವಳಿಗೆ ಬರುವಾಗ ಚೀಲ ತಗೊಂಡು ಬಾ. ಬುಡದ ಹೊಲಿಗಿ ಬಿಚ್ಚಿ, ಒಳಗಿನಿಂದ ಆಡಿನ ತೊಗಲಿನ ಪಟ್ಟಿ ಒಂದು ಇಟ್ಟು, ಅವನ ತೂತಿನಾಗ ಹೊಸಾ ವಾದಿ ಹಾಕಿಕೊಡತೀನಿ. ಹೊಸಾ ತೂತು ಹಾಕೂದಿಲ್ಲ. ಹೊರಗಿನ ಮೈ ನಾ ಮುಟ್ಟೂದಿಲ್ಲ.

ನಿನ್ನ ಕಾಕಾ