ನಾಗರಿಕರು ಕೊಟ್ಟ ಇಮೇಲ್ ವಿಳಾಸವನ್ನು ತಿದ್ದಬೇಡಿ: ಸಾರ್ವಜನಿಕ ಸೇವೆಗಳ ತಂತ್ರಜ್ಞಾನ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಇಲಾಖೆಯ ಆನ್‌ಲೈನ್ ಅರ್ಜಿಗಳ ಬಗ್ಗೆ, ಅಲ್ಲಿಂದ ಹೊರಡುವ ನೋಟಿಸುಗಳ ಬಗ್ಗೆ ಸಹಾಯವಾಣಿಗೆ ಬರೆದಾಯಿತು. ದೂರು ಸಂಖ್ಯೆ ಬಂತು. ಕೆಲ ದಿನಗಳಲ್ಲಿ ‘ಪರಿಹರಿಸಲಾಗಿದೆ’ ಎಂಬ ಷರಾ ಬಂತು. ತೊಂದರೆ ಮಾತ್ರ ಇದ್ದಲ್ಲೇ ಇದೆ. ಪ್ರತಿ ಸಲವೂ ಇದೇ ಕಥೆಯಾದ್ದರಿಂದ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇವೆ. ಕೇಳುತ್ತಿರುವುದು ಒಂದೇ: ನಾಗರಿಕರು ಕೊಟ್ಟ ಇಮೇಲ್ ವಿಳಾಸವನ್ನು ನಿಮ್ಮ ತಂತ್ರಾಂಶ ತಿದ್ದಬಾರದು. ಬಂದದ್ದು ಬಂದ ಹಾಗೆಯೇ ಉಳಿಯಬೇಕು.

ನಿಯಮ ನಿಮಗೆ ತಿಳಿದದ್ದೇ. ಇಮೇಲ್ ಹೆಡರ್‌ನಲ್ಲಿ, ಅಂದರೆ ಪತ್ರದ ತಲೆಯಲ್ಲಿರುವ ಟು, ಫ್ರಮ್ ಮುಂತಾದ ಸಾಲುಗಳಲ್ಲಿ, ವಿಳಾಸ ಹೇಗಿರಬೇಕು ಎಂಬುದನ್ನು ಅಂತರ್ಜಾಲದ ಮಾನದಂಡ ದಾಖಲೆಯಾದ 1982ರ ಆರ್‌ಎಫ್‌ಸಿ 822 ಹೇಳಿತ್ತು. ಅದು 2001ರಲ್ಲಿ 2822 ಆಗಿ, 2008ರಲ್ಲಿ 5322 ಆಗಿ ಪರಿಷ್ಕರಣೆಯಾಯಿತು. ಅಕ್ಷರ, ಅಂಕಿಗಳ ಜೊತೆಗೆ ಪ್ಲಸ್, ಅಪಾಸ್ಟ್ರಫಿ, ಹೈಫನ್, ಅಂಡರ್‌ಸ್ಕೋರ್, ಓರೆಗೆರೆ, ಸಮಚಿಹ್ನೆ ಎಲ್ಲವೂ @ಗೆ ಮುಂಚಿನ ಭಾಗದಲ್ಲಿ ಬರಬಹುದು. ಆ ಭಾಗಕ್ಕೆ 64 ಬೈಟ್, ಇಡೀ ವಿಳಾಸಕ್ಕೆ 254 ಬೈಟ್ ಮಿತಿ. ನಿಮ್ಮ ನಮೂನೆ ಅಪಾಸ್ಟ್ರಫಿ ಕಂಡರೆ ಅಳಿಸುತ್ತದೆ, ಡೇಟಾಬೇಸ್ 50 ಅಕ್ಷರಕ್ಕೆ ಸದ್ದಿಲ್ಲದೆ ಕತ್ತರಿಸುತ್ತದೆ, ಕೊನೆಯ ಚುಕ್ಕೆಯ ನಂತರ 4ಕ್ಕಿಂತ ಹೆಚ್ಚು ಅಕ್ಷರವಿದ್ದರೆ ‘ವಿಳಾಸ ಸರಿಯಿಲ್ಲ’ ಎನ್ನುತ್ತದೆ. ಇಂಗ್ಲಿಷಿನಲ್ಲಿ 6 ಅಕ್ಷರದ ‘.ಮ್ಯೂಸಿಯಂ’ 2001ರಿಂದಲೇ ಬಳಕೆಯಲ್ಲಿದೆ. ಅಪಾಸ್ಟ್ರಫಿ ಅಳಿಸುವುದು ಡೇಟಾಬೇಸ್ ಮೇಲಿನ ದಾಳಿಗೆ ಹೆದರಿ ಎಂದು ನಿಮ್ಮವರು ಹೇಳಿದ್ದಾರೆ. ಅದಕ್ಕೆ ಪ್ಯಾರಾಮೀಟರ್ ಇಟ್ಟು ಕ್ವೆರಿ ಬರೆಯಬೇಕೇ, ಅಂದರೆ ಬಳಕೆದಾರರು ಕೊಟ್ಟದ್ದನ್ನು ಡೇಟಾಬೇಸ್ ಆದೇಶದಿಂದ ಬೇರೆಯಾಗಿ ಕಳುಹಿಸಬೇಕೇ ಹೊರತು ಜನರ ವಿಳಾಸದಿಂದ ಅಕ್ಷರ ಕೀಳುವುದಲ್ಲ.

ಇನ್ನು ಪ್ಲಸ್ ಚಿಹ್ನೆಯ ವಿಷಯ. ಇದನ್ನು ಸ್ವಲ್ಪ ದೀರ್ಘವಾಗಿಯೇ ಹೇಳಬೇಕು, ಏಕೆಂದರೆ ಇದರಿಂದ ಒಂದು ಅರ್ಜಿ ವಜಾ ಆಗಿದೆ. (ಓದಲು ಅನುಕೂಲವಾಗಲೆಂದು ಉದಾಹರಣೆಯ ವಿಳಾಸಗಳನ್ನು ಕನ್ನಡ ಲಿಪಿಯಲ್ಲಿ, ಹೆಸರು ಬದಲಿಸಿ ಕೊಟ್ಟಿದ್ದೇವೆ. ಚಿಹ್ನೆಗಳು ಇದ್ದ ಹಾಗೆಯೇ ಇವೆ.)

ಅರ್ಜಿದಾರರು ಕೊಟ್ಟ ವಿಳಾಸ ಹೀಗಿತ್ತು:

ಸುಮಾ+ಅರ್ಜಿ@ಉದಾಹರಣೆ.ಕಾಮ್

ನಮೂನೆ ಒಪ್ಪಿಕೊಂಡಿತು. ಅದು ಸರಿಯೇ. ಆಮೇಲೆ ದೃಢೀಕರಣದ ಲಿಂಕ್ ತಯಾರಾಯಿತು. ಆ ಲಿಂಕ್‌ನೊಳಗೆ ವಿಳಾಸವನ್ನು ಪ್ಲಸ್ ಸಮೇತ ಹಾಗೇ ತುರುಕಿದ್ದರು. ವೆಬ್ ನಮೂನೆಗಳ ಸಂಕೇತ ಪದ್ಧತಿಯಲ್ಲಿ ಪ್ಲಸ್ ಎಂದರೆ ಖಾಲಿ ಜಾಗ. ಪ್ಲಸ್ಸೇ ಉಳಿಯಬೇಕಿದ್ದರೆ ಅದನ್ನು %2ಬಿ ಎಂದು ಬರೆಯಬೇಕು. ಬರೆದಿರಲಿಲ್ಲ. ಲಿಂಕ್ ಒತ್ತಿದಾಗ ಸರ್ವರ್ ಓದಿದ್ದು:

ಸುಮಾ ಅರ್ಜಿ@ಉದಾಹರಣೆ.ಕಾಮ್

ಇಷ್ಟಕ್ಕೇ ನಿಂತಿದ್ದರೆ ‘ಇಂಥ ಖಾತೆ ಇಲ್ಲ’ ಎಂಬ ದೋಷ ಬಂದು ಅರ್ಜಿದಾರರಿಗಾದರೂ ಗೊತ್ತಾಗುತ್ತಿತ್ತು. ಆದರೆ ಡೇಟಾಬೇಸ್‌ನಲ್ಲಿ ಖಾಲಿ ಜಾಗವಿರುವ ವಿಳಾಸಗಳು ಸೇರುತ್ತಿವೆ ಎಂದು ಯಾರೋ ಒಂದು ಸಾಲು ಕೋಡ್ ಸೇರಿಸಿದ್ದರು: ಖಾಲಿ ಜಾಗ ಕಂಡರೆ ತೆಗೆದುಬಿಡು. ಹಾಗಾಗಿ ದಾಖಲೆಯಲ್ಲಿ ಉಳಿದದ್ದು:

ಸುಮಾಅರ್ಜಿ@ಉದಾಹರಣೆ.ಕಾಮ್

ಇದು ಬೇರೆಯೇ ಪೆಟ್ಟಿಗೆ. ಇಂಥ ವಿಳಾಸ ಇನ್ನೊಬ್ಬರದ್ದಾಗಿದ್ದರೆ ಅರ್ಜಿದಾರರ ಖಾಸಗಿ ಕಾಗದಪತ್ರಗಳೆಲ್ಲ ಅವರ ಕೈಗೆ ಹೋಗುತ್ತಿದ್ದವು. ಇಲ್ಲಿ ಅಂಥ ಪೆಟ್ಟಿಗೆಯೇ ಇರಲಿಲ್ಲ. ಪೂರಕ ದಾಖಲೆ ಕೊಡಿ ಎಂಬ ನೋಟಿಸ್ ಹೊರಟಿತು, ಪತ್ರಗಳನ್ನು ಹೊರಗೆ ಸಾಗಿಸುವ ನಿಮ್ಮದೇ ರಿಲೇ ಸರ್ವರ್ ಅದನ್ನು ಪಡೆದು 250 ಎಂಬ ಉತ್ತರ ಕೊಟ್ಟಿತು. 250 ಎಂದರೆ ‘ಮುಂದೆ ಸಾಗಿಸುವ ಹೊಣೆ ನನ್ನದು’ ಎಂದಷ್ಟೇ ಅರ್ಥ. ನಿಮ್ಮ ವ್ಯವಸ್ಥೆ ಅದನ್ನು ‘ತಲುಪಿದೆ’ ಎಂದು ಬರೆದುಕೊಂಡಿತು. ಆಮೇಲೆ ಆಚೆಯ ಸರ್ವರ್ 550 ಎಂದು, ಅಂದರೆ ಇಂಥ ಬಳಕೆದಾರ ಇಲ್ಲ ಎಂದು ನಿರಾಕರಿಸಿತು. ಆ ಬೌನ್ಸ್ ಪತ್ರ ವಾಪಸ್ ಬಂದು ಬಿದ್ದದ್ದು ಯಾರೂ ತೆರೆಯದ ನೋ-ರಿಪ್ಲೈ ಪೆಟ್ಟಿಗೆಗೆ. ಗಡುವು ಮುಗಿಯಿತು. ಅರ್ಜಿ ವಜಾ. ಕೇಳಿದರೆ, ನೋಟಿಸ್ ತಲುಪಿದ್ದಕ್ಕೆ ದಾಖಲೆ ಇದೆ ಎಂಬ ಉತ್ತರ.

ಯಾವ ದಾಖಲೆ, ಸ್ವಾಮಿ? ನೀವೇ ಕೆಡಿಸಿದ ವಿಳಾಸಕ್ಕೆ ನೀವೇ ಕಳುಹಿಸಿ, ನಿಮ್ಮದೇ ಸರ್ವರ್ ಪಡೆದದ್ದನ್ನು ನಾಗರಿಕರು ಪಡೆದರು ಎಂದು ಬರೆದುಕೊಳ್ಳುವುದು ದಾಖಲೆಯಲ್ಲ. ಆ ಅರ್ಜಿಯನ್ನು ಮತ್ತೆ ತೆರೆಯಬೇಕು. ವಿಳಾಸ ತಿದ್ದುವ ಆ ಸಾಲನ್ನು ಇಂದೇ ತೆಗೆಯಬೇಕು.

ಇದು ವಿಳಾಸ ಒಳಗೆ ಬರುವಾಗಿನ ತಪ್ಪಾಯಿತು. ಹೆಡರ್ ಓದುವಾಗ ಇನ್ನೊಂದು ಆಗುತ್ತಿದೆ. ಟು ಹೆಡರ್‌ನಲ್ಲಿ ಹಲವು ವಿಳಾಸಗಳಿದ್ದರೆ ನಿಮ್ಮ ತಂತ್ರಾಂಶ ಕಾಮಾ ಕಂಡಲ್ಲೆಲ್ಲ ಕತ್ತರಿಸುತ್ತದೆ. ಈ ಸಾಲು ನೋಡಿ:

ಟು: "ರಾವ್, ಸುಮಾ" <ಸುಮಾ@ಉದಾಹರಣೆ.ಕಾಮ್>, ಗಿರೀಶ್ <ಗಿರೀಶ್@ಉದಾಹರಣೆ.ಕಾಮ್>

ಇಲ್ಲಿರುವುದು ಇಬ್ಬರು. ಮೊದಲ ಕಾಮಾ ಉದ್ಧರಣ ಚಿಹ್ನೆಯೊಳಗಿದೆ. ಅದು ಹೆಸರಿನ ಭಾಗ. ಕಾಮಾಗೆ ಕತ್ತರಿಸಿದರೆ ಮೂರು ತುಂಡಾಗಿ, ‘ರಾವ್’ ಎಂಬುದು @ ಇಲ್ಲದ ಅನಾಥ ತುಂಡಾಗಿ ಉಳಿಯುತ್ತದೆ. ಅದನ್ನು ಹಾಗೇ ಮುಂದಕ್ಕೆ ಕೊಟ್ಟರೆ ಎಷ್ಟೋ ಮೇಲ್ ಸರ್ವರ್‌ಗಳು ತಮ್ಮದೇ ಡೊಮೈನ್ ಸೇರಿಸಿ ವಿಳಾಸ ಪೂರ್ತಿ ಮಾಡುತ್ತವೆ. ಆಗ ನಾಗರಿಕರ ಪತ್ರ ನಿಮ್ಮದೇ ಕಚೇರಿಯ, ಅದೇ ಹೆಸರಿನ ಯಾರೋ ಸಿಬ್ಬಂದಿಗೆ ಹೋಗಿ ಬೀಳುತ್ತದೆ. ‘ಪತ್ರ ತಪ್ಪಿ ಬಂದಿದೆ’ ಎಂದು ನಿಮ್ಮವರೇ ಹೇಳುವುದುಂಟಲ್ಲ, ಅದರ ಮೂಲ ಹುಡುಕುವಾಗ ಮೊದಲು ನೋಡಬೇಕಾದ ಜಾಗ ಇದು.

ರೆಜೆಕ್ಸ್, ಅಂದರೆ ಅಕ್ಷರಗಳ ಮಾದರಿ ಹೊಂದಿಸಿ ನೋಡುವ ಸೂತ್ರ, ಇನ್ನಷ್ಟು ಉದ್ದ ಮಾಡಿದರೆ ಸರಿಹೋಗುತ್ತದೆ ಎಂದು ನಿಮ್ಮ ಗುತ್ತಿಗೆದಾರರು ಹೇಳಿಯಾರು. ಹೋಗುವುದಿಲ್ಲ. ವಿಳಾಸದ ಹೆಡರ್‌ನಲ್ಲಿ ಆವರಣದೊಳಗೆ ಟಿಪ್ಪಣಿ ಬರಬಹುದು, ಟಿಪ್ಪಣಿಯೊಳಗೆ ಮತ್ತೊಂದು ಟಿಪ್ಪಣಿ, ಅದರೊಳಗೆ ಇನ್ನೊಂದು. ಎಷ್ಟು ಆಳಕ್ಕಾದರೂ ಹೋಗಬಲ್ಲ ಇಂಥ ಗೂಡನ್ನು ಶುದ್ಧ ರೆಜೆಕ್ಸ್ ಎಣಿಸಲಾರದು. ಅಕ್ಷರ ಅಕ್ಷರವಾಗಿ ಓದುತ್ತ, ಈಗ ಉದ್ಧರಣದೊಳಗಿದ್ದೇನೆಯೇ, ಟಿಪ್ಪಣಿಯೊಳಗಿದ್ದೇನೆಯೇ, ಕೋನಾವರಣದೊಳಗಿದ್ದೇನೆಯೇ ಎಂದು ನೆನಪಿಟ್ಟುಕೊಳ್ಳುವ ಪಾರ್ಸರ್ ಬೇಕು. ‘ಅನ್‌ಡಿಸ್‌ಕ್ಲೋಸ್ಡ್-ರೆಸಿಪಿಯಂಟ್ಸ್:;’ ಎಂಬ, ಪಡೆಯುವವರ ಹೆಸರು ಮರೆಮಾಡಿದ ಖಾಲಿ ಗುಂಪು ಕೂಡ ನಿಯಮಬದ್ಧವೇ. ಅದನ್ನು ಕಂಡು ನಿಮ್ಮ ಒಳಬರುವ ವ್ಯವಸ್ಥೆ ಪತ್ರವನ್ನೇ ತಿರಸ್ಕರಿಸುತ್ತಿದೆ.

ಓದುವ ಕ್ರಮವೂ ಮುಖ್ಯ. ಮೊದಲು ಮಡಿಕೆ ಬಿಡಿಸಬೇಕು: ಖಾಲಿ ಜಾಗ ಅಥವಾ ಟ್ಯಾಬ್‌ನಿಂದ ಶುರುವಾಗುವ ಸಾಲು ಹಿಂದಿನ ಸಾಲಿನದೇ ಮುಂದುವರಿಕೆ. ಆಮೇಲೆ ವಿಳಾಸಗಳನ್ನು ಬೇರ್ಪಡಿಸಬೇಕು. ಇಂಗ್ಲಿಷೇತರ ಹೆಸರುಗಳು ಸಂಕೇತರೂಪದಲ್ಲಿ ಬರುತ್ತವೆ, ಆ ಸಂಕೇತವನ್ನು ಬಿಚ್ಚುವುದು ಕಟ್ಟಕಡೆಗೆ. ನಿಮ್ಮಲ್ಲಿ ಇದು ತಲೆಕೆಳಗಾಗಿದೆ, ಮೊದಲೇ ಬಿಚ್ಚುತ್ತಿದ್ದೀರಿ. ಬಿಚ್ಚಿದ ಹೆಸರಿನೊಳಗೆ ಕಾಮಾ ಇದ್ದರೆ, ಕೋನಾವರಣ ಇದ್ದರೆ, ಇನ್ನೊಂದು ವಿಳಾಸವೇ ಇದ್ದರೆ, ಪಾರ್ಸರ್ ಅದನ್ನು ನಿಜವೆಂದೇ ನಂಬುತ್ತದೆ. ವಂಚಕರಿಗೆ ಬಾಗಿಲು ತೆರೆದಿಟ್ಟಂತೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ವಿಳಾಸ ಪಾರ್ಸರ್ ಕೂಡ ಒಂದು ಬಗೆಯ ಕೆಟ್ಟ ಹೆಡರ್‌ನಲ್ಲಿ ತಪ್ಪು ತುಂಡನ್ನು ವಿಳಾಸವೆಂದು ಎತ್ತಿಕೊಡುತ್ತಿತ್ತು. ಆ ದೋಷಕ್ಕೆ ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಸಿವಿಇ-2023-27043 ಎಂಬ ಸಂಖ್ಯೆ ಬಂತು, ಪೈಥಾನ್ 3.13ರಿಂದ ಕಟ್ಟುನಿಟ್ಟಿನ ಓದೇ ಸಹಜ ನಡೆ ಆಯಿತು. ಡೊಮೈನ್ ನೋಡಿ ಒಳಗೆ ಬಿಡುವ ವ್ಯವಸ್ಥೆಗೆ ಇದು ಸಣ್ಣ ಮಾತಲ್ಲ. ನಿಮ್ಮ ಲೈಬ್ರರಿಗಳ ಆವೃತ್ತಿ ಯಾವುದು ಎಂದು ಒಮ್ಮೆ ಕೇಳಿ ನೋಡಿ.

ಈಗ ಕನ್ನಡದ ಹೆಸರುಗಳ ಪಾಡು. ನೋಟಿಸಿನ ಮೇಲೆ ಹೆಸರಿನ ಮಧ್ಯೆ ಕಪ್ಪು ಚೌಕ, ಪ್ರಶ್ನಾರ್ಥಕ ಚಿಹ್ನೆ ಬರುತ್ತದೆ. ಫಾಂಟ್ ಸಮಸ್ಯೆ ಎಂದು ಕೈ ತೊಳೆದುಕೊಂಡಿದ್ದೀರಿ. ಫಾಂಟ್ ಅಲ್ಲ. 1996ರ ಆರ್‌ಎಫ್‌ಸಿ 2047ರ ಪ್ರಕಾರ ಇಂಗ್ಲಿಷೇತರ ಹೆಸರು ‘=?ಯುಟಿಎಫ್-8?ಬಿ?…?=’ ಎಂಬ ಹೊದಿಕೆಯಲ್ಲಿ ಹೋಗಬೇಕು, ಒಂದು ಹೊದಿಕೆ 75 ಅಕ್ಷರ ಮೀರಬಾರದು. ಹೊದಿಕೆಗೇ 12 ಹೋಗುತ್ತದೆ. ಉಳಿದ 63ರಲ್ಲಿ 3 ಬೈಟನ್ನು 4 ಅಕ್ಷರವಾಗಿ ಬರೆಯುವ ಬೇಸ್64 ಪದ್ಧತಿ ನಾಲ್ಕು ನಾಲ್ಕಾಗಿ ಕೂರುವುದರಿಂದ 60 ಮಾತ್ರ ಸಿಗುತ್ತದೆ, ಅಂದರೆ 45 ಬೈಟ್. ಕನ್ನಡದ ಪ್ರತಿ ಯೂನಿಕೋಡ್ ಸಂಕೇತಕ್ಕೆ 3 ಬೈಟ್ ಬೇಕು. 45ಕ್ಕೆ ಹಿಡಿಯುವುದು 15. ‘ಲಕ್ಷ್ಮೀ’ ಎಂಬುದು ಕಣ್ಣಿಗೆ ಎರಡೇ ಅಕ್ಷರ. ಒಳಗೆ ಲ, ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ವಿರಾಮ, ಮ, ದೀರ್ಘ ಎಂದು 7 ಸಂಕೇತ, 21 ಬೈಟ್. ಹೆಸರು, ತಂದೆಯ ಹೆಸರು, ಮನೆತನದ ಹೆಸರು ಸೇರಿದರೆ ಒಂದು ಹೊದಿಕೆ ಸಾಲುವುದಿಲ್ಲ, ಎರಡು ಬೇಕು. ನಿಮ್ಮ ತಂತ್ರಾಂಶ ಬೈಟ್ ಎಣಿಸಿ ಎಲ್ಲೋ ನಡುವೆ ಕತ್ತರಿಸುತ್ತದೆ. ಒಂದೇ ಸಂಕೇತದ 3 ಬೈಟ್‌ನಲ್ಲಿ 2 ಇತ್ತ, 1 ಅತ್ತ. ಎರಡು ಕಡೆಯೂ ಓದಲಾಗದ ಚೂರು. ಸಂಕೇತದ ಗಡಿಯಲ್ಲೇ ಕತ್ತರಿಸಬೇಕು ಎಂದು ಅದೇ ನಿಯಮ ಹೇಳುತ್ತದೆ. ಒತ್ತಕ್ಷರ ಮುಗಿದ ಮೇಲೆ ಕತ್ತರಿಸಿದರೆ ಇನ್ನೂ ಒಳ್ಳೆಯದು.

ಇದರಲ್ಲೇ ಇನ್ನೆರಡು. ಅಕ್ಕಪಕ್ಕದ ಎರಡು ಹೊದಿಕೆಗಳ ನಡುವಿನ ಖಾಲಿ ಜಾಗವನ್ನು ಓದುವ ತಂತ್ರಾಂಶ ತೋರಿಸುವುದಿಲ್ಲ, ತೋರಿಸಲೂಬಾರದು. ಹೆಸರಿನ ಎರಡು ಪದಗಳ ಮಧ್ಯದ ಜಾಗ ಉಳಿಯಬೇಕಾದರೆ ಅದು ಹೊದಿಕೆಯ ಒಳಗೇ ಸೇರಬೇಕು. ಇಲ್ಲವಾದರೆ ಎರಡೂ ಹೆಸರು ಅಂಟಿಕೊಳ್ಳುತ್ತವೆ, ಈಗ ಅಂಟಿಕೊಳ್ಳುತ್ತಿರುವ ಹಾಗೆ. ಹೊದಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಡಲೇಬಾರದು. ಇಟ್ಟರೆ ಓದುವ ಕಡೆ ಅದನ್ನು ಬಿಚ್ಚದೆ ‘=?ಯುಟಿಎಫ್’ ಎಂದೇ ತೋರಿಸಬಹುದು. ಉದ್ಧರಣ ಬೇಕಾಗುವುದು ಇಂಗ್ಲಿಷ್ ಲಿಪಿಯ ಹೆಸರಿನಲ್ಲಿ ಕಾಮಾ ಅಥವಾ ಚುಕ್ಕೆ ಇದ್ದಾಗ. ಇನಿಷಿಯಲ್ ಇರುವ ಎಲ್ಲರ ಹೆಸರಿನಲ್ಲೂ ಚುಕ್ಕೆ ಇರುತ್ತದೆ, ಇದನ್ನು ಮರೆಯುವುದು ಹೇಗೆ?

ಅಕ್ಷರದ ದೊಡ್ಡದು ಚಿಕ್ಕದರ ಬಗ್ಗೆ: ಡೊಮೈನ್ ಅನ್ನು ಸಣ್ಣಕ್ಷರ ಮಾಡಿದರೆ ಅಡ್ಡಿಯಿಲ್ಲ. @ಗೆ ಮುಂಚಿನದ್ದನ್ನು ಹೇಗೆ ಓದಬೇಕೆಂದು ತೀರ್ಮಾನಿಸುವ ಹಕ್ಕು ಆ ಪೆಟ್ಟಿಗೆ ಇರುವ ಸರ್ವರ್‌ಗೆ ಮಾತ್ರ ಇದೆ. ಅದನ್ನೂ ತಿದ್ದಬೇಡಿ.

ಕುಂದುಕೊರತೆಯ ನಮೂನೆಯಿಂದ ಹೊರಡುವ ಪತ್ರದಲ್ಲಿ ಫ್ರಮ್ ಜಾಗಕ್ಕೆ ನಾಗರಿಕರ ವಿಳಾಸ ಹಾಕುತ್ತಿದ್ದೀರಿ. ಅವರ ಡೊಮೈನ್‌ನಲ್ಲಿ ಡಿಮಾರ್ಕ್ (ಡೊಮೈನ್ ಹೆಸರಿನಲ್ಲಿ ಬರುವ ನಕಲಿ ಪತ್ರಗಳನ್ನು ತಡೆಯುವ ನಿಯಮ) ಬಿಗಿಯಾಗಿದ್ದರೆ ನಿಮ್ಮ ಸರ್ವರ್ ಕಳುಹಿಸಿದ ಆ ಪತ್ರ ನಕಲಿಯೆಂದು ತಿರಸ್ಕೃತವಾಗುತ್ತದೆ, ದೂರು ಅಲ್ಲೇ ಸಾಯುತ್ತದೆ. ಫ್ರಮ್‌ನಲ್ಲಿ ನಿಮ್ಮ ವಿಳಾಸ, ರಿಪ್ಲೈ-ಟುನಲ್ಲಿ ಅವರದು ಇರಲಿ. ಅದೇ ನಮೂನೆಯ ಹೆಸರಿನ ಖಾನೆಯಲ್ಲಿ ಸಾಲುಮುರಿ ಅಕ್ಷರ ತೂರಿಸಿ ಅದರ ಕೆಳಗೆ ‘ಬಿಸಿಸಿ:’ ಎಂದು ಬರೆದರೆ ನಿಮ್ಮ ಸರ್ವರ್‌ನಿಂದಲೇ ಯಾರಿಗೆ ಬೇಕಾದರೂ ಸ್ಪ್ಯಾಮ್ ಕಳುಹಿಸಬಹುದು. ಹೆಡರ್‌ಗೆ ಹೋಗುವ ಯಾವ ಖಾನೆಯಲ್ಲೂ ಸಾಲುಮುರಿ ಕಂಡರೆ ಆ ಅರ್ಜಿಯನ್ನು ನಿಲ್ಲಿಸಿ. ಪ್ಲಸ್ ಚಿಹ್ನೆಗೆ ತೋರಿದ ಬಿಗಿಯನ್ನು ತೋರಿಸಬೇಕಿದ್ದದ್ದು ಇಲ್ಲಿ.

ವಿಳಾಸ ನಿಜವೋ ಅಲ್ಲವೋ ತಿಳಿಯಲು ಇರುವ ದಾರಿ ಒಂದೇ. @ ಇದೆಯೇ, ಅದರ ಎರಡೂ ಬದಿ ಏನಾದರೂ ಇದೆಯೇ, 254 ಬೈಟ್ ಒಳಗಿದೆಯೇ ಎಂದು ನೋಡಿ, ಒಂದು ದೃಢೀಕರಣ ಪತ್ರ ಕಳುಹಿಸಿ. ಲಿಂಕ್‌ನಲ್ಲಿ ವಿಳಾಸವನ್ನೇ ಹಾಕಬೇಡಿ, ಊಹಿಸಲಾಗದ ಟೋಕನ್ (ಒಮ್ಮೆಯ ಗುರುತಿನ ಅಕ್ಷರಸಾಲು) ಹಾಕಿ. ಆಗ ಪ್ಲಸ್ಸಿನ ಈ ಗೋಳೇ ಇರುವುದಿಲ್ಲ. ಹೊಂದದ ವಿಳಾಸ ಕಂಡರೆ ಸರಿಪಡಿಸಲು ಹೋಗದೆ, ಅರ್ಜಿದಾರರಿಗೇ ತೋರಿಸಿ ಕೇಳಿ. ಬೌನ್ಸ್ ಪತ್ರಗಳನ್ನು ಓದುವ ಪೆಟ್ಟಿಗೆ ಇಡಿ, ಬೌನ್ಸ್ ಬಂದ ನೋಟಿಸಿನ ಗಡುವನ್ನು ಅಲ್ಲಿಗೇ ತಡೆಹಿಡಿಯಿರಿ.

ಮುಂದಿನ ಟೆಂಡರ್ ದಾಖಲೆಯಲ್ಲಿ ಈ ಒಂದು ಷರತ್ತು ಸೇರಿಸಿ: ವಿಳಾಸವನ್ನು ಪರೀಕ್ಷಿತ ಪಾರ್ಸರ್‌ನಿಂದಲೇ ಓದತಕ್ಕದ್ದು, ಬಂದ ಹಾಗೆಯೇ ಸಂಗ್ರಹಿಸತಕ್ಕದ್ದು, ತಿದ್ದತಕ್ಕದ್ದಲ್ಲ. ಕೆಲಸ ಒಪ್ಪಿಸಿಕೊಳ್ಳುವ ಮುನ್ನ ಪ್ಲಸ್ ಇರುವ ವಿಳಾಸ, ಅಪಾಸ್ಟ್ರಫಿ ಇರುವ ವಿಳಾಸ, ಉದ್ಧರಣದೊಳಗೆ ಕಾಮಾ ಇರುವ ಹೆಸರು, 15 ಸಂಕೇತ ಮೀರಿದ ಕನ್ನಡ ಹೆಸರು, ಖಾಲಿ ಗುಂಪು, ಈ ಐದನ್ನು ನಿಮ್ಮ ಕಣ್ಣೆದುರೇ ಓಡಿಸಿ ನೋಡಿ. ಅರ್ಧ ದಿನದ ಕೆಲಸ.

ಅದಕ್ಕೂ ಮೊದಲು, ವಜಾ ಆದ ಆ ಅರ್ಜಿಯನ್ನು ಮತ್ತೆ ತೆರೆಯಿರಿ. ಅದರ ನೋಟಿಸನ್ನು ಪ್ಲಸ್ ಚಿಹ್ನೆ ಇರುವ, ಅರ್ಜಿದಾರರೇ ಕೊಟ್ಟ ವಿಳಾಸಕ್ಕೆ ಇನ್ನೊಮ್ಮೆ ಕಳುಹಿಸಿ.

ಇಂತಿ,
ಇಮೇಲ್ ತಂತ್ರಾಂಶದ ಕೆಲಸದಲ್ಲಿರುವ ನಾಗರಿಕರು