ಕಂಪೈಲ್ ಆದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ

ಮಾನ್ಯ ಸಂಪಾದಕರೇ,

ಮುಕ್ತ ತಂತ್ರಾಂಶಗಳ ಕುರಿತು ನಿಮ್ಮ ಪತ್ರಿಕೆಯಲ್ಲಿ ಈಚೆಗೆ ಬಂದ ಲೇಖನವನ್ನು ಓದಿದೆ. ಸೋರ್ಸ್ ಕೋಡ್ (ತಂತ್ರಾಂಶದ ಮೂಲ ಬರಹ) ಎಲ್ಲರಿಗೂ ಸಿಗುವುದರಿಂದ ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸನ್ನು ಯಾವ ಆಪರೇಟಿಂಗ್ ಸಿಸ್ಟಂನಲ್ಲಾದರೂ ನಡೆಸಬಹುದು ಎಂದು ಲೇಖಕರು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದಾರೆ. ನಡೆಸಲು ಅನುಮತಿ ಇದೆ ಎಂಬುದು ನಿಜ. ಆದರೆ ಅನುಮತಿ ಇರುವುದಕ್ಕೂ ಅದು ಸರಿಯಾಗಿ ನಡೆಯುವುದಕ್ಕೂ ನಡುವೆ ಎಷ್ಟು ಕೆಲಸವಿದೆ ಎಂಬುದನ್ನು ನಾನು ಕಂಡಷ್ಟರ ಮಟ್ಟಿಗೆ ತಿಳಿಸಬಯಸುತ್ತೇನೆ.

ನಮ್ಮ ಸಣ್ಣ ಗ್ರಂಥಾಲಯದ ಪುಸ್ತಕಪಟ್ಟಿ, ಯಾರೋ ದಾನ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ, ಓಪನ್‌ಬಿಎಸ್‌ಡಿ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂನ ಮೇಲೆ ಕುಳಿತಿರುವ ಪೋಸ್ಟ್‌ಗ್ರೆಸ್‌ನಲ್ಲಿದೆ. ಅದನ್ನು ಹಾಕಿಕೊಳ್ಳಲು ಒಂದು ಆದೇಶ ಸಾಕಾಯಿತು; ಹಾಗೆ ಸಾಕಾದದ್ದು, ಬೇಕಾದ ತಿದ್ದುಪಡಿಗಳನ್ನು ಯಾರೋ ಮೊದಲೇ ಮಾಡಿಟ್ಟಿದ್ದರಿಂದ. ಆದರೂ ಮೊದಲ ದಿನವೇ ಒಂದು ವಿಚಿತ್ರ ಕಂಡಿತು. ಸಾಮಾನ್ಯವಾಗಿ ಒಂದೇ ಹೊತ್ತಿಗೆ 100 ಸಂಪರ್ಕಗಳಿಗೆ ಸಿದ್ಧವಾಗುವ ಡೇಟಾಬೇಸ್, ಅದಕ್ಕಿಂತ ಬಹಳ ಕಡಿಮೆಗೆ ತೃಪ್ತಿಪಟ್ಟು, ಎಲ್ಲವೂ ಸರಿಯಾಗಿದೆ ಎಂಬಂತೆ ಚಾಲನೆಗೊಳ್ಳತೊಡಗಿತು. ಕಾರಣ ಹುಡುಕಿದರೆ ಸೆಮಾಫೋರ್. ಒಂದೇ ಹೊತ್ತಿಗೆ ಓಡುವ ಅನೇಕ ಪ್ರೋಸೆಸ್‌ಗಳು ತಮ್ಮ ಸರದಿಗೆ ಕಾಯಲು ಬಳಸುವ ಈ ಸಾಧನವನ್ನು ಪೋಸ್ಟ್‌ಗ್ರೆಸ್ ಸಂಪರ್ಕಕ್ಕೊಂದರಂತೆ ಆಪರೇಟಿಂಗ್ ಸಿಸ್ಟಂನಿಂದ ಕೇಳಿ ಪಡೆಯುತ್ತದೆ. ಓಪನ್‌ಬಿಎಸ್‌ಡಿ ಇಡೀ ಯಂತ್ರಕ್ಕೆ ತಾನಾಗಿ ಕೊಡುವುದು ಕೇವಲ 60. ನಾನು ಹಾಕಿದ ಆವೃತ್ತಿಯಾದರೋ ಅವನ್ನು ಹದಿನಾರರ ಕಟ್ಟುಗಳಲ್ಲಿ ತೆಗೆದುಕೊಂಡು, ಪ್ರತಿ ಕಟ್ಟಿಗೂ ಗುರುತಿಗೆಂದು ಹದಿನೇಳನೆಯದೊಂದನ್ನು ಸೇರಿಸುತ್ತಿತ್ತು. ಮೂರು ಕಟ್ಟಿಗೆ 51 ಮುಗಿಯಿತು, ನಾಲ್ಕನೆಯದಕ್ಕೆ ಜಾಗವಿಲ್ಲ. ಕರ್ನೆಲ್‌ನ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿನ, ಮಿತಿಯನ್ನು ಏರಿಸಲು ಒಂದೆರಡು ಸಾಲು ಬರೆದರೆ ಆಯಿತು. ಆದರೆ ಬರೆಯಬೇಕೆಂದು ತಿಳಿಯಲು ನನಗೆ ಒಂದು ಸಂಜೆ ಹಿಡಿಯಿತು.

ಎರಡನೆಯ ತೊಡಕು ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಊರುಗಳ ಹೆಸರಿನ ಪಟ್ಟಿಯಲ್ಲಿ ಕಲಘಟಗಿ, ಕವಿತಾಳ, ಕಳಸ ಎಂದು ಬರಬೇಕಾದಲ್ಲಿ ಕಲಘಟಗಿ, ಕಳಸ, ಕವಿತಾಳ ಎಂದು ಬರುತ್ತಿತ್ತು. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯ ಅಕ್ಷರ, ‘ಹ’ ಆದ ಮೇಲೆ ಬರುತ್ತದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನ ಸಂಕೇತಸಂಖ್ಯೆಯಲ್ಲಿ ಮಾತ್ರ ಅದು ‘ಲ’ದ ಬೆನ್ನಿಗೇ, ‘ವ’ಕ್ಕಿಂತ ಮುಂಚೆ ಕೂತಿದೆ. ಬೇರೆ ಸೂಚನೆ ಕೊಡದಿದ್ದರೆ ಪೋಸ್ಟ್‌ಗ್ರೆಸ್ ಅಕಾರಾದಿ ಜೋಡಣೆಯನ್ನು ಆಪರೇಟಿಂಗ್ ಸಿಸ್ಟಂನ ಸಿ ಲೈಬ್ರರಿಗೆ (ತಂತ್ರಾಂಶಗಳು ಹಂಚಿಕೊಂಡು ಬಳಸುವ ಸಿದ್ಧ ಕೋಡಿನ ಸಂಗ್ರಹಕ್ಕೆ) ಒಪ್ಪಿಸುವುದು ರೂಢಿ, ಮತ್ತು ಓಪನ್‌ಬಿಎಸ್‌ಡಿಯ ಲೈಬ್ರರಿ ಭಾಷೆಗೊಂದು ಕ್ರಮವನ್ನು ಇಟ್ಟುಕೊಂಡೇ ಇಲ್ಲ. ಅದು ಆ ಸಂಖ್ಯೆಗಳ ಬೈಟುಗಳನ್ನಷ್ಟೇ ಹೋಲಿಸುತ್ತದೆ. ದೋಷವೆಂದು ಯಾವ ಸಂದೇಶವೂ ಬರಲಿಲ್ಲ. ನಿಘಂಟು ನೋಡಿ ಅಭ್ಯಾಸವಿದ್ದ ಹಿರಿಯ ಓದುಗರೊಬ್ಬರು ‘ಕಳಸ ಎಲ್ಲಿ ಹೋಯಿತು?’ ಎಂದು ಕೇಳಿದಾಗಲೇ ನಮಗೆ ಗೊತ್ತಾದದ್ದು. 2017ರಲ್ಲಿ ಬಂದ 10ನೇ ಆವೃತ್ತಿಯಿಂದ ಐಸಿಯು ಎಂಬ ಪ್ರತ್ಯೇಕ ಲೈಬ್ರರಿಯ ಕ್ರಮವನ್ನು ಬಳಸುವ ಸೌಲಭ್ಯ ಪೋಸ್ಟ್‌ಗ್ರೆಸ್‌ನಲ್ಲಿದೆ. ಊರಿನ ಹೆಸರುಗಳ ಕಾಲಂಗೆ ಐಸಿಯುವಿನ ಕನ್ನಡ ಕ್ರಮವನ್ನು ಹೆಸರಿಸಿ ಹೇಳಿದ ಮೇಲೆ ಕಳಸ ತನ್ನ ಜಾಗಕ್ಕೆ ಮರಳಿತು.

ಒಮ್ಮೆ ಸರಿಪಡಿಸಿದ್ದು ಹಾಗೇ ಉಳಿಯುತ್ತದೆಂಬ ಭರವಸೆಯೂ ಇಲ್ಲ. ಐಬಿಎಂನ ಎಐಎಕ್ಸ್ ಸಣ್ಣವರ ಆಟಿಕೆಯೇನಲ್ಲ, ದೊಡ್ಡ ಸಂಸ್ಥೆಗಳು ಬಳಸುವ, ಯುನಿಕ್ಸ್ ಬಗೆಯ ಆಪರೇಟಿಂಗ್ ಸಿಸ್ಟಂ. ಆದರೂ 2024ರ ಪೋಸ್ಟ್‌ಗ್ರೆಸ್ 17ನೇ ಆವೃತ್ತಿಯಲ್ಲಿ ಅದರ ಬೆಂಬಲವನ್ನು ತೆಗೆದುಹಾಕಿದರು. ಅಲ್ಲಿನ ಕಂಪೈಲರಿನ (ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ತಂತ್ರಾಂಶದ) ದೋಷಗಳಿಗೆಂದು ಕೋಡಿನ ತುಂಬ ತೇಪೆ ಹಾಕಬೇಕಾಗಿತ್ತು, ಬಳಸುವವರ ಬೇಡಿಕೆ ಕಡಿಮೆಯಿತ್ತು, ನಿಂತು ನೋಡಿಕೊಳ್ಳುವವರು ಯಾರೂ ಮುಂದೆ ಬರಲಿಲ್ಲ. ಅದಕ್ಕೂ ಹಿಂದಿನ ಆವೃತ್ತಿಯಲ್ಲಿ ಎಚ್‌ಪಿ ಕಂಪನಿಯ ಯುನಿಕ್ಸ್ ಆದ ಎಚ್‌ಪಿ-ಯುಎಕ್ಸ್ ಹೋಗಿತ್ತು.

ಹಾಗೆ ನೋಡಿಕೊಳ್ಳಲೆಂದೇ ಪೋಸ್ಟ್‌ಗ್ರೆಸ್‌ನವರು ‘ಬಿಲ್ಡ್‌ಫಾರ್ಮ್’ ಎಂಬ ವ್ಯವಸ್ಥೆಯನ್ನು ಇಟ್ಟುಕೊಂಡಿದ್ದಾರೆ. ಸ್ವಯಂಸೇವಕರ ಯಂತ್ರಗಳು ಹೊಸ ಕೋಡನ್ನು ತಾವೇ ತಂದು, ಕಂಪೈಲ್ ಮಾಡಿ, ಪರೀಕ್ಷೆಗಳನ್ನು ಓಡಿಸಿ ವರದಿ ಕಳಿಸುತ್ತವೆ. ಒಂದೊಂದು ಯಂತ್ರಕ್ಕೂ ಒಂದು ಪ್ರಾಣಿಯ ಹೆಸರು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಉಗ್ರಾಣಗಳಲ್ಲಿ ದೂಳು ಹಿಡಿದಿರುವ ಕಂಪ್ಯೂಟರುಗಳಲ್ಲಿ ಒಂದೆರಡಕ್ಕೆ ಓಪನ್‌ಬಿಎಸ್‌ಡಿಯಂಥದೊಂದು ಆಪರೇಟಿಂಗ್ ಸಿಸ್ಟಂ ಹಾಕಿ, ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಬಿಲ್ಡ್‌ಫಾರ್ಮ್‌ಗೆ ಸೇರಿಸಬಹುದು. ಲೇಖನದ ಮುಂದಿನ ಕಂತಿನಲ್ಲಿ ಈ ವಿಷಯಕ್ಕೆ ಜಾಗ ಕೊಡಬೇಕೆಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಗ್ರಂಥಾಲಯದ ಒಬ್ಬ ಸ್ವಯಂಸೇವಕ, ಸಾಗರ