ಅಮ್ಮಾ, ತಪ್ಪು ನಿನ್ನದಲ್ಲ

ಗ್ಲಾಸ್ಗೋ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ,

ಅಪ್ಪ ನಿನ್ನೆ ಎರಡು ಇಡ್ಲಿ ತಿಂದು ಪೇಪರ್ ಕೇಳಿದರು ಅಂತ ಅಣ್ಣ ಹೇಳಿದ. ಎಷ್ಟೋ ದಿನಗಳ ಮೇಲೆ ನನಗೆ ನಿದ್ದೆ ಬಂತು. ಆದರೆ ನೀನು ಫೋನಿನಲ್ಲಿ ಅಳುತ್ತಾ ಹೇಳಿದ್ದು ಕಿವಿಯಿಂದ ಹೋಗುತ್ತಿಲ್ಲ. "ಬಚ್ಚಲಲ್ಲಿ ಬಿದ್ದ ಮೇಲೆ ಮೂರು ವಾರ ಚೆನ್ನಾಗೇ ಇದ್ದರು. ಪಕ್ಕದಲ್ಲೇ ಇದ್ದೂ ನನಗೆ ಗೊತ್ತಾಗಲಿಲ್ಲ ಕಣೇ" ಅಂದೆ. ಆಗ ನನಗೆ ಮಾತೇ ಬರಲಿಲ್ಲ. ಅದಕ್ಕೆ ಈಗ ಬರೆಯುತ್ತಿದ್ದೇನೆ.

ಹೊಟ್ಟೆ ಊದಿದರೆ ಚರ್ಮ ಹಿಗ್ಗುತ್ತದೆ. ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗೆ ಇರುವುದು ಮೆದುಳು, ರಕ್ತ, ಮತ್ತೆ ಮೆದುಳನ್ನು ಸುತ್ತಿಕೊಂಡ ತಿಳಿನೀರು, ಅಷ್ಟೇ. ಬೇರೆ ಏನಾದರೂ ಒಳಗೆ ಸೇರಿದರೆ ಇವುಗಳಲ್ಲಿ ಒಂದು ಜಾಗ ಬಿಡಬೇಕು. ಇಲ್ಲೇ ಹತ್ತಿರದ ಎಡಿನ್‌ಬರೋದಲ್ಲಿ ಮನ್ರೋ ಅನ್ನುವ ಡಾಕ್ಟರು 1783ರಲ್ಲೇ ಬುರುಡೆಯೊಳಗಿನ ಈ ಇಕ್ಕಟ್ಟಿನ ಬಗ್ಗೆ ಬರೆದಿದ್ದರು.

ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಅದರ ಮೇಲಿನಿಂದ ಬುರುಡೆಯ ಒಳಗಿನ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಎಳೆದು ಬಿಗಿಯಾಗುತ್ತವೆ, ಸಣ್ಣ ಪೆಟ್ಟಿಗೂ ಹರಿಯುತ್ತವೆ. ಅಪ್ಪ ಹಾರ್ಟಿಗೆ ಅಂತ ರಕ್ತ ತೆಳುವಾಗುವ ಮಾತ್ರೆ ಬೇರೆ ನುಂಗುತ್ತಿದ್ದರು. ರಕ್ತ ನಿಧಾನವಾಗಿ ಜಿನುಗಿತು. ಮೆದುಳು ಕುಗ್ಗಿ ಬಿಟ್ಟ ಜಾಗ ಇತ್ತು, ತಿಳಿನೀರೂ ಬೆನ್ನಿನ ಕಡೆ ಸರಿದು ಇನ್ನಷ್ಟು ಜಾಗ ಕೊಟ್ಟಿತು. ಆ ಜಾಗ ತುಂಬುವ ತನಕ ಒತ್ತಡ ಅಷ್ಟಾಗಿ ಏರುವುದಿಲ್ಲ. ಅದಕ್ಕೇ ಅವರು ತೋಟಕ್ಕೂ ಹೋಗಿ ಬರುತ್ತಿದ್ದರು, ಅಲ್ವಾ? ಜಾಗ ಮುಗಿದ ಮೇಲೆ ಒಂದೆರಡು ಚಮಚ ಜಾಸ್ತಿಯಾದರೂ ಸಾಕು, ಒತ್ತಡ ಒಮ್ಮೆಗೇ ಏರುತ್ತದೆ. ಒಲೆ ಮೇಲಿನ ಹಾಲು ಎಷ್ಟೋ ಹೊತ್ತು ಸುಮ್ಮನಿದ್ದು, ನೋಡ್ತಾ ನೋಡ್ತಾ ಉಕ್ಕುವುದಿಲ್ಲವಾ, ಹಾಗೆ.

ಬಿಪಿ ಅಳೆಯುವ ಲೆಕ್ಕದಲ್ಲೇ ಬುರುಡೆಯೊಳಗಿನ ಈ ಒತ್ತಡವನ್ನೂ ಅಳೆಯುತ್ತೇವೆ. ಮಲಗಿರುವ ದೊಡ್ಡವರಿಗೆ 7ರಿಂದ 15 ಇರಬೇಕು. ತಲೆಗೆ ದೊಡ್ಡ ಪೆಟ್ಟಾಗಿ ಬಂದವರಿಗೆ 22 ದಾಟಿದರೆ ನಮ್ಮ ವಾರ್ಡಿನಲ್ಲಿ ಓಡಾಟ ಶುರು. ಒತ್ತಡ ಜಾಸ್ತಿಯಾದಷ್ಟೂ ಹೃದಯ ಕಳಿಸುವ ರಕ್ತಕ್ಕೆ ಮೆದುಳಿನೊಳಗೆ ನುಗ್ಗುವುದು ಕಷ್ಟ. ರಕ್ತ ಸಾಲದ ಮೆದುಳು ಊದಿಕೊಳ್ಳುತ್ತದೆ, ಊದಿದರೆ ಒತ್ತಡ ಇನ್ನೂ ಜಾಸ್ತಿ. ಕೊನೆಗೆ ಮೆದುಳು ಕೆಳಕ್ಕೆ ಜಾರಿ, ಉಸಿರಾಟ ನಡೆಸುವ ಭಾಗವನ್ನೇ ಅಮುಕುತ್ತದೆ. ಅದಕ್ಕೆ ಮುಂಚೆ ಎಷ್ಟೋ ಸಲ ಒಂದು ಕಣ್ಣಿನ ಪಾಪೆ ದೊಡ್ಡದಾಗುತ್ತದೆ. ನಾವು ರಾತ್ರಿಯೆಲ್ಲ ಟಾರ್ಚ್ ಬಿಟ್ಟು ನೋಡುವುದು ಅದನ್ನೇ.

ಎಚ್ಚರ ಎಷ್ಟಿದೆ ಅಂತ ಅಳೆಯುವ ಕ್ರಮ 1974ರಲ್ಲಿ ಇದೇ ಊರಿನಲ್ಲಿ ಹುಟ್ಟಿತು. ಈಗ ಅದರಲ್ಲಿ 3ರಿಂದ 15ರ ತನಕ ಅಂಕ, 15 ಅಂದರೆ ಪೂರ್ತಿ ಎಚ್ಚರ. ನಾನು ದಿನಾ ಬರೆಯುವ ಅಂಕ ಅದು. ಅಣ್ಣ ಕಳಿಸಿದ ಚೀಟಿಯ ಫೋಟೋದಲ್ಲಿ ಅಪ್ಪನ ಹೆಸರಿನ ಕೆಳಗೆ 13 ಅಂತ ನೋಡಿದಾಗ ಕೈ ನಡುಗಿತು ಅಮ್ಮಾ.

ಬೆಳಗಿನ ತಲೆನೋವು, ವಾಂತಿ, ಹೊತ್ತಲ್ಲದ ಹೊತ್ತಲ್ಲಿ ಮಂಪರು, ಎಲ್ಲವನ್ನೂ ಡಾಕ್ಟರಿಗೆ ಹೇಳಿದವಳು ನೀನೇ. ನಿನ್ನ ಹೆಸರು ಹೇಳಲು ಅಪ್ಪ ತಡವರಿಸಿದ ಕೂಡಲೇ ಅಣ್ಣನನ್ನು ಕೂಗಿದವಳೂ ನೀನೇ. ಅದರಿಂದಲೇ ಬುರುಡೆಗೆ ಎರಡು ತೂತು ಕೊರೆದು, ಆ ಹಳೆಯ ರಕ್ತ ಹೊರಗೆ ಬಿಡಲು ಸಮಯ ಸಿಕ್ಕಿತು.

ಈ ರಕ್ತ ಮತ್ತೆ ಸೇರಿಕೊಳ್ಳುವುದುಂಟು. ಹಾರ್ಟಿನ ಮಾತ್ರೆ ಯಾವಾಗ ಶುರು ಮಾಡಬೇಕು ಅಂತ ಆಪರೇಷನ್ ಮಾಡಿದವರೇ ಹೇಳಲಿ, ಅಲ್ಲಿಯ ತನಕ ಕೊಡಬೇಡ. ಬಚ್ಚಲ ಗೋಡೆಗೆ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಲು ಅಣ್ಣನಿಗೆ ಹೇಳಿದ್ದೇನೆ. ಬೆಳಗ್ಗೆ ಕಾಫಿ ಕೊಡುವಾಗ ಇವತ್ತು ಯಾವ ವಾರ ಅಂತ ಕೇಳು. ಲೋಟ ಒಂದು ದಿನ ಬಲಗೈಗೆ, ಒಂದು ದಿನ ಎಡಗೈಗೆ ಕೊಡು. ಸುಮ್ನೆ ಮಾತಾಡಿಸುವ ಹಾಗೆ ಕೇಳು ಅಮ್ಮಾ, ಪರೀಕ್ಷೆ ಮಾಡುತ್ತಿದ್ದೀಯ ಅಂತ ಗೊತ್ತಾದರೆ ಅಪ್ಪನಿಗೆ ಸಿಟ್ಟು ಬರುತ್ತದೆ.

ನಿನ್ನ ಮಗಳು